ಎರಡನೆಯವಳ ಮುಖ

“ನಿನ್ನ ಕೈಗೆ ಕ್ಯಾಮೆರಾ ಕೊಟ್ಟಿದ್ದು ಯಾರು? ಬಾಯಿಬಿಟ್ಟು ಹೇಳು, ಯಾರು ಕೊಟ್ಟಿದ್ದು?”

“ಯಾರೂ ಕೊಡಲಿಲ್ಲ. ಕೌಂಟರ್ ಮೇಲಿತ್ತು, ತಗೊಂಡೆ.”

“ತಗೊಂಡೆ! ಸೌಟು ತಗೊಂಡೆ ಅನ್ನೋ ಹಾಗೆ ಹೇಳ್ತಾಳೆ ನೋಡು!”

“ಸೌಟಾಗಿದ್ರೆ ನೀನು ಕೇಳ್ತಾನೇ ಇರಲಿಲ್ಲ,” ಅಂದಳು ಅಕ್ಕ. “ಇಪ್ಪತ್ತು ವರ್ಷದಿಂದ ಈ ಮನೇಲಿ ಸೌಟು ನನ್ನ ಕೈಯಲ್ಲೇ ಇದೆ. ಅದಕ್ಕೆ ಯಾರ ಅಪ್ಪಣೇನೂ ಬೇಕಾಗಿಲ್ಲ.”

ತಮ್ಮ ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟ. ಅವನ ಹೆಂಡತಿ ನೀರಿನ ಲೋಟವನ್ನು ಅವನತ್ತ ಸರಿಸಿ, “ಊಟದ ಹೊತ್ತಲ್ಲಿ ಬೇಡ ಅಂತ ಎಷ್ಟು ಸಲ ಹೇಳೋದು,” ಎಂದು ಗೊಣಗಿದಳು. ಯಾರೂ ಅವಳ ಮಾತು ಕೇಳಿಸಿಕೊಳ್ಳಲಿಲ್ಲ.

“ನೆಲದ ಮೇಲೆ ಹೊಟ್ಟೆ ಹಚ್ಕೊಂಡು ಮಲಗಿ ಫೋಟೋ ತೆಗೆದಳಂತೆ! ಹಲ್ಲಿ ಥರ! ಗಿರಾಕಿ ಎದುರಿಗೆ!”

“ಹಲ್ಲಿ ಗೋಡೆ ಮೇಲಿರುತ್ತೆ ಅಪ್ಪ,” ಅಂದಳು ಹತ್ತು ವರ್ಷದ ಮಗಳು. ಮನೆಯಲ್ಲಿ ಅವಳಿಗೆ ಚೂಟಿ ಅಂತಲೇ ಹೆಸರು.

“ನೀನು ಸುಮ್ಮನೆ ತಿನ್ನು!”

ಕೆಳಗೆ ಸ್ಟುಡಿಯೋ, ಮೇಲೆ ಮನೆ. ಎರಡಕ್ಕೂ ಒಂದೇ ಮೆಟ್ಟಿಲು. ಅಕ್ಕ ತಮ್ಮನ ಅಪ್ಪ ಕಟ್ಟಿದ್ದು. ಅಪ್ಪ ಹೋದ ಮೇಲೆ ಕ್ಯಾಮೆರಾ ಮಗನ ಕೈಗೆ ಬಂತು. ಅದೇ ವರ್ಷ ಅಕ್ಕನ ಗಂಡ ಬೇರೊಬ್ಬಳ ಜೊತೆ ಹೋದ, ಅಕ್ಕ ಒಂದು ಪೆಟ್ಟಿಗೆ ಹಿಡಿದು ತವರಿಗೆ ಬಂದಳು. ಬಂದ ಮಾರನೆಯ ದಿನದಿಂದಲೇ ಸ್ಟುಡಿಯೋಕ್ಕೆ ಬರುವ ಮಕ್ಕಳ ಮೂಗು ಒರೆಸುವುದು, ತಲೆ ಬಾಚುವುದು, ಕ್ಯಾಮೆರಾದ ಪಕ್ಕ ಮಂಡಿಯೂರಿ ಗಿಲಕಿ ಆಡಿಸುವುದು, ಬೆಕ್ಕಿನ ಹಾಗೆ ಮಿಯಾಂವ್ ಅನ್ನುವುದು, ಎಲ್ಲ ಅವಳ ಪಾಲಿಗೆ ಬಂತು. ಬೀದಿಯಲ್ಲಿ ಅವಳನ್ನು ಗಿಲಕಿ ಅಕ್ಕ ಅನ್ನುತ್ತಿದ್ದರು. ಮಗು ನಕ್ಕ ಫೋಟೋ ನೋಡಿದವರು ಮಾತ್ರ ತಮ್ಮನ ಕೈಗುಣ ಅನ್ನುತ್ತಿದ್ದರು.

ಈಗ ನಡೆದದ್ದು ಇಷ್ಟು. ತಮ್ಮ ಫೋಟೋ ಪೇಪರ್ ತರಲು ಪೇಟೆಗೆ ಹೋಗಿದ್ದಾಗ ಆಸ್ಪತ್ರೆಯ ನರ್ಸ್ ಒಬ್ಬಳು ಮಗನನ್ನು ಕರೆತಂದಳು. ಹುಡುಗ ಬಂದವನೇ ಮೇಜಿನ ಕೆಳಗೆ ನುಗ್ಗಿದ. ಬೈದರೂ ಬರಲಿಲ್ಲ, ಬಿಸ್ಕತ್ತು ತೋರಿಸಿದರೂ ಬರಲಿಲ್ಲ. ಅಕ್ಕ ಅವನನ್ನು ಹೊರಗೆ ಕರೆಯುವುದನ್ನೇ ಬಿಟ್ಟಳು. ದೀಪಗಳನ್ನು ಆರಿಸಿದಳು. ಬೀದಿ ಕಡೆಯ ಕಿಟಕಿಯ ಪರದೆ ಸರಿಸಿ ಬೆಳಕು ಒಳಗೆ ಬಿಟ್ಟಳು. ಕೌಂಟರ್ ಮೇಲಿದ್ದ ಕ್ಯಾಮೆರಾ ಹಿಡಿದು ನೆಲಕ್ಕೆ ಮಲಗಿ, “ಅಲ್ಲಿ ಇರುವೆ ಇದಾವಾ ನೋಡು, ನನಗೆ ಕನ್ನಡಕ ಇಲ್ಲದೆ ಕಾಣಲ್ಲ,” ಅಂದಳು. ಹುಡುಗ ಇರುವೆ ಹುಡುಕಿದ. ಒಂದು ಸಿಕ್ಕಿತು. ಅದರ ಹಿಂದೆ ಇನ್ನೊಂದು. ಅವಳು ಇದ್ದಾಳೆ ಅನ್ನುವುದನ್ನೇ ಮರೆತು ಇರುವೆಗೆ ಏನೋ ಹೇಳಲು ಶುರು ಮಾಡಿದಾಗ ಫೋಟೋ ತೆಗೆದಳು.

ನರ್ಸ್ ಆ ಫೋಟೋ ನೋಡಿ, “ಇವನು ಮನೇಲಿ ಹೀಗೇ ಇರೋದು ಅಕ್ಕ, ಹೀಗೇ,” ಎಂದು ಕಣ್ಣು ಒರೆಸಿಕೊಂಡಳು. ಆಸ್ಪತ್ರೆಗೆಲ್ಲ ತೋರಿಸಿದಳು. ಇವತ್ತು ಬೆಳಿಗ್ಗೆ ಒಂದು ಸಂಸಾರ ಬಂದು ತಮ್ಮನ ಮುಖಕ್ಕೇ ಕೇಳಿತು: “ಮೇಜಿನ ಕೆಳಗೆ ಫೋಟೋ ತೆಗೆಯೋ ಅಕ್ಕ ಇದಾರಾ? ಇಲ್ಲಾಂದ್ರೆ ಆಮೇಲೆ ಬರ್ತೀವಿ.”

ಉರಿ ಎದ್ದದ್ದು ಅಲ್ಲಿಂದ.

“ನೋಡು,” ಅಂದಳು ಅಕ್ಕ, ದನಿ ಸ್ವಲ್ಪ ಇಳಿಸಿ. “ದೊಡ್ಡವರದ್ದು, ಮದುವೇದು, ಪಾಸ್‌ಪೋರ್ಟ್‌ದು ಎಲ್ಲ ನೀನೇ ತೆಗಿ. ದೀಪ ಇಡೋದರಲ್ಲಿ ನಿನ್ನ ಮುಂದೆ ನಾನು ಏನೂ ಅಲ್ಲ. ಮಕ್ಕಳದ್ದು ಮಾತ್ರ ನನಗೆ ಬಿಡು. ಅಷ್ಟೇ ಕೇಳ್ತಿರೋದು.”

“ಆಗಲ್ಲ.”

“ಯಾಕೆ ಆಗಲ್ಲ?”

“ಅಕ್ಕ ಫೋಟೋ ತೆಗೀತಾಳೆ, ತಮ್ಮ ಬಾಗಿಲು ಕಾಯ್ತಾನೆ ಅಂತ ಬೀದೀಲಿ ಆಡ್ಕೊಳ್ತಾರೆ. ಅದಕ್ಕೆ ಆಗಲ್ಲ. ಗಿಲಕಿ ಹಿಡಿ, ಬೇಡ ಅನ್ನಲ್ಲ. ಕ್ಯಾಮೆರಾ ಮುಟ್ಟಬೇಡ.”

“ಹಾಗಾದ್ರೆ ಗಿಲಕೀನೂ ನೀನೇ ಅಲ್ಲಾಡಿಸ್ಕೋ,” ಎಂದು ಅಕ್ಕ ಎದ್ದು ಅವನ ತಟ್ಟೆಯನ್ನು ಎತ್ತಿಕೊಂಡು ಹೋದಳು. ಅವನು ಇನ್ನೂ ಅರ್ಧ ಊಟ ಮಾಡಿರಲಿಲ್ಲ.

*

ಅಂದಿನಿಂದ ಅಕ್ಕ ಕೆಳಗೆ ಇಳಿಯಲಿಲ್ಲ. ಅವಳ ಜಾಗಕ್ಕೆ ತಮ್ಮನ ಹೆಂಡತಿ ಹೋದಳು.

ಆ ಹೆಂಗಸಿಗೆ ಮಕ್ಕಳನ್ನು ನಗಿಸುವುದು ಒಂದು ಕೆಲಸ ಅಂತಲೇ ಗೊತ್ತಿರಲಿಲ್ಲ. ಎರಡು ದಿನ ಗಿಲಕಿ ಆಡಿಸಿದಳು. ಮೂರನೆಯ ದಿನ ಫೋನಿನಲ್ಲಿ ಕಾರ್ಟೂನ್ ಹಾಕಿ ಕ್ಯಾಮೆರಾದ ಮೇಲೆ ಹಿಡಿದಳು. ಮಕ್ಕಳು ಅಳು ನಿಲ್ಲಿಸಿದವು. ತಮ್ಮನಿಗೂ ಸಮಾಧಾನವಾಯಿತು. ಫೋಟೋ ಅಚ್ಚಾಗಿ ಬಂದಾಗ ನೋಡಿದರೆ ಎಲ್ಲ ಮಕ್ಕಳೂ ಬಾಯಿ ತೆರೆದು, ಕಣ್ಣು ಅರಳಿಸಿ, ದೆವ್ವ ಮೆಟ್ಟಿದ ಹಾಗೆ ಕೂತಿದ್ದವು.

“ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದೆ,” ಅಂದ ದರ್ಜಿ, ಮೊಮ್ಮಗನ ಫೋಟೋ ತಿರುಗಿಸಿ ತಿರುಗಿಸಿ ನೋಡುತ್ತ. “ಗಿಲಕಿ ಅಕ್ಕ ಊರಲ್ಲಿಲ್ವಾ?”

“ಇದಾಳೆ. ಮೈ ಹುಷಾರಿಲ್ಲ.”

“ನೆನ್ನೆ ತರಕಾರಿ ಅಂಗಡೀಲಿ ಬದನೆಕಾಯಿಗೆ ಜಗಳ ಆಡ್ತಿದ್ರಲ್ಲ. ದನಿ ಚೆನ್ನಾಗೇ ಇತ್ತು.”

ತಮ್ಮ ಚಿಲ್ಲರೆ ಎಣಿಸಿ ಕೌಂಟರ್ ಮೇಲಿಟ್ಟ.

ಮೇಲೆ ಇನ್ನೊಂದು ಬಗೆಯ ರಗಳೆ. ತಮ್ಮನ ಹೆಂಡತಿ ಮಧ್ಯಾಹ್ನ ಮೆಟ್ಟಿಲು ಹತ್ತಿ ಬರುವಾಗ ಸೊಂಟಕ್ಕೆ ಕೈ ಕೊಟ್ಟುಕೊಂಡೇ ಬರುತ್ತಿದ್ದಳು.

“ಅತ್ತಿಗೆ, ನಿಮ್ಮ ಹಟ ನನ್ನ ಬೆನ್ನು ಮುರೀತಿದೆ. ಇವತ್ತು ಒಂದು ಮಗು ನನ್ನ ಕೈ ಕಚ್ತು. ನೋಡಿ ಇಲ್ಲಿ.”

“ಅರಿಶಿನ ಹಚ್ಕೋ.”

“ಅರಿಶಿನ ಹಚ್ಕೊಂಡ್ರೆ ಮುಗೀತಾ? ಬಟ್ಟೆ ನೆನೆಸಿಟ್ಟಿದ್ದು ಹಾಗೇ ಇದೆ. ಚೂಟಿ ಸಮವಸ್ತ್ರ ಇಸ್ತ್ರಿ ಆಗಿಲ್ಲ.”

“ಬಟ್ಟೆ ಒಗೆದಾಯ್ತು, ಒಣಗಿದೆ, ಮಡಚಿಟ್ಟಿದೀನಿ. ಕಣ್ಣು ಬಿಟ್ಟು ನೋಡಮ್ಮ. ನಾನು ಕೆಳಗಿನ ಕೆಲಸ ಬಿಟ್ಟಿದೀನಿ, ಮೇಲಿನದ್ದಲ್ಲ.”

ತಮ್ಮನ ಹೆಂಡತಿ ಮಂಚದ ತುದಿಗೆ ಕುಸಿದು ಕೂತಳು. “ನೀವು ಇಷ್ಟು ವರ್ಷ ಹೇಗೆ ಮಾಡಿದ್ರಿ?” ಎಂದು ಕೇಳಿದಳು. ಅಕ್ಕನ ಮುಖ ಒಂದು ಗಳಿಗೆ ಸಡಿಲಾಯಿತು. ಆದರೆ ಆ ಹೆಂಗಸು ಅಲ್ಲಿಗೇ ನಿಲ್ಲಿಸಬೇಕಲ್ಲ! “ಅಲ್ಲ, ನಿಮಗೇನು, ಗಂಡ ಮಕ್ಕಳು ಅಂತ ಇರಲಿಲ್ಲ, ಹೊತ್ತು ಹೋಗ್ತಿತ್ತು,” ಅಂದುಬಿಟ್ಟಳು.

ಅಕ್ಕ ಬೇಳೆ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದ ಸದ್ದಿಗೆ ಕೆಳಗೆ ಸ್ಟುಡಿಯೋದಲ್ಲಿದ್ದ ಮಗುವೊಂದು ಅಳಲು ಶುರು ಮಾಡಿತು.

*

ಮರದ ಡಿಪೋದವರದು ದೊಡ್ಡ ಸಂಸಾರ. ಮನೆಯ ಮುತ್ತಜ್ಜಿಗೆ ತೊಂಬತ್ತು ದಾಟಿತ್ತು, ಕಿವಿ ಹೋಗಿತ್ತು, ಕಾಲು ನಿಂತಿತ್ತು. ಆಕೆ ಇರುವಾಗಲೇ ಎಲ್ಲರೂ ಒಂದು ಫೋಟೋದಲ್ಲಿ ಕೂರಬೇಕು ಎಂದು ಮನೆಯವರು ತೀರ್ಮಾನಿಸಿದ್ದರು. ಆ ಮನೆಯಲ್ಲಿ ನಾಲ್ಕು ವರ್ಷದ ಅವಳಿ ಹೆಣ್ಣುಮಕ್ಕಳು. ದೊಡ್ಡವಳು ಕ್ಯಾಮೆರಾ ಕಂಡರೆ ಹಲ್ಲು ಕಿರಿಯುವವಳು. ಚಿಕ್ಕವಳು ಗೋಡೆಗೆ ಅಂಟಿಕೊಳ್ಳುವವಳು. ಹಿಂದೆ ಎರಡು ಸಲ ಬಂದಾಗಲೂ ಅಕ್ಕನೇ ನೆಲದ ಮೇಲೆ ಕೂತು ಚಿಕ್ಕವಳನ್ನು ಮಾತಿಗೆ ಎಳೆದಿದ್ದಳು.

ಆ ದಿನ ತಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ, ನೀರು ಹಚ್ಚಿ ಬಾಚಿದ ತಲೆ.

“ಅಕ್ಕ, ಡಿಪೋದವರು ಬಂದಿದಾರೆ. ಇವತ್ತೊಂದು ದಿನ ಬಾ.”

“ಬರ್ತೀನಿ. ಮಕ್ಕಳದ್ದು ಇನ್ಮೇಲೆ ನನಗೆ ಬಿಡ್ತೀನಿ ಅನ್ನು.”

“ಅದನ್ನ ಆಮೇಲೆ ಮಾತಾಡೋಣ.”

“ಆಮೇಲೆ ಅಂದ್ರೆ ಯಾವಾಗ?”

“ಅಡ್ಡಗಾಲು ಹಾಕಬೇಡ ಅಕ್ಕ. ಕೆಳಗೆ ಅಷ್ಟು ಜನ ಕಾಯ್ತಿದಾರೆ. ಮುದುಕೀನ ಕುರ್ಚಿ ಸಮೇತ ಹೊತ್ಕೊಂಡು ಬಂದಿದಾರೆ.”

“ನಾನು ಅಡ್ಡಗಾಲು ಹಾಕಿಲ್ಲ. ಒಂದು ಮಾತು ಕೇಳಿದೀನಿ. ಕೊಟ್ರೆ ಬರ್ತೀನಿ.”

ತಮ್ಮ ಹಲ್ಲು ಕಚ್ಚಿ ನಿಂತ. “ನೀನು ಬರದೇ ಹೋದ್ರೆ ಸ್ಟುಡಿಯೋ ಮುಚ್ಚಿಹೋಗಲ್ಲ,” ಎಂದು ದಡದಡ ಇಳಿದು ಹೋದ.

ಅಕ್ಕ ಬೆಳ್ಳುಳ್ಳಿ ಬಿಡಿಸುತ್ತ ಕೂತಳು. ಕೆಳಗೆ ಕುರ್ಚಿ ಎಳೆಯುವ ಸದ್ದು. “ಬೆನ್ನು ನೇರ, ಗದ್ದ ಮೇಲೆ, ಎಲ್ಲರೂ ಇಲ್ಲಿ ನೋಡಿ,” ಎಂಬ ತಮ್ಮನ ದನಿ. ಆಮೇಲೆ ಮಗುವಿನ ಅಳು. ಮೊದಲು ಕುಂಯ್ ಕುಂಯ್, ಆಮೇಲೆ ಕಿತ್ತುಕೊಂಡು ಬರುವ ಹಾಗೆ. ಯಾರೋ ಗದರಿದರು. ಅಳು ಇನ್ನೂ ಏರಿತು.

ಚೂಟಿ ಏದುಸಿರು ಬಿಡುತ್ತ ಬಂದಳು. “ಅತ್ತೆ, ಚಿಕ್ಕ ಪಾಪು ಅಮ್ಮನ ಮಡಿಲಲ್ಲಿ ಮುಖ ಇಟ್ಕೊಂಡುಬಿಟ್ಟಿದೆ. ತೆಗೀತಾನೇ ಇಲ್ಲ. ಬಾ ಅತ್ತೆ.”

“ನಿಮ್ಮಪ್ಪ ಕಳಿಸಿದ್ನಾ?”

“ಇಲ್ಲ. ನಾನೇ ಬಂದೆ.”

“ಹಾಗಾದ್ರೆ ನೀನೇ ಹೋಗು.”

ಹುಡುಗಿ ನಿಂತು ನೋಡಿದಳು. ಅಕ್ಕ ತಲೆ ಎತ್ತಲಿಲ್ಲ. ಎರಡು ದಿನಕ್ಕೆ ಬೇಕಾಗುವಷ್ಟು ಬೆಳ್ಳುಳ್ಳಿ ಬಿಡಿಸಿದಳು, ಮೂರು ದಿನಕ್ಕಾಗುವಷ್ಟು ಬಿಡಿಸಿದಳು. ಅಳು ಕೊನೆಗೆ ತಾನಾಗಿ ಸುಸ್ತಾಗಿ ನಿಂತಿತು. ಡಿಪೋದವರ ಗಾಡಿಗಳು ಹೊರಟುಹೋದವು.

*

ದೊಡ್ಡ ಗುಂಪಿನ ಫೋಟೋ ಅಂದರೆ ಯಾರೋ ಒಬ್ಬರು ಕಣ್ಣು ಮುಚ್ಚಿಯೇ ಇರುತ್ತಾರೆ. ಆಗ ಇನ್ನೊಂದು ಫೋಟೋದಿಂದ ಅದೇ ಮನುಷ್ಯನ ಕಣ್ಣು ಬಿಟ್ಟ ಮುಖ ಕತ್ತರಿಸಿ ಇಲ್ಲಿ ಕೂರಿಸುತ್ತಾರೆ. ಎಲ್ಲ ಸ್ಟುಡಿಯೋದಲ್ಲೂ ಮಾಡುವ ಕೆಲಸ, ಅದರಲ್ಲಿ ಮೋಸವೇನಿಲ್ಲ. ತಮ್ಮ ಆ ಕೆಲಸದಲ್ಲಿ ಪಳಗಿದವನು. ಎಲ್ಲಿ ಕತ್ತರಿಸಿದ, ಎಲ್ಲಿ ಹೊಲಿದ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅಕ್ಕ ಸಂಜೆ ಚಹಾ ತಂದಿಟ್ಟಾಗ ಅವನು ಕಂಪ್ಯೂಟರಿಗೆ ಮೂಗು ಹಚ್ಚಿ ಕೂತಿದ್ದ. ಪರದೆಯ ಮೇಲೆ ಇಡೀ ಡಿಪೋ ಸಂಸಾರ. ನಡುವೆ ಮುತ್ತಜ್ಜಿ, ಹಕ್ಕಿಯ ಹಾಗೆ ಚಿಕ್ಕದಾಗಿ. ಆಕೆಯ ಎಡಕ್ಕೊಂದು ಬಲಕ್ಕೊಂದು ಮಗು, ಎರಡೂ ಹಲ್ಲು ಕಿರಿದು ನಗುತ್ತಿದ್ದವು.

ಅಕ್ಕ ಬಗ್ಗಿ ನೋಡಿದಳು. “ಚಿಕ್ಕವಳು ನಕ್ಕಳಾ?”

“ಹೂಂ.”

“ಎಷ್ಟೊತ್ತಿಗೆ ನಕ್ಕಳು? ಹೋಗೋವರೆಗೂ ಅಳ್ತಿದ್ದಳು.”

ಅವಳು ಇನ್ನೂ ಬಗ್ಗಿದಳು.

“ಇದು ಅವಳಲ್ಲ. ಎರಡೂ ಕಡೆ ದೊಡ್ಡವಳನ್ನೇ ಕೂರಿಸಿದೀಯ.”

“ಏನು ಮಾಡಲಿ ಮತ್ತೆ? ತೆಗೆದ ಒಂದರಲ್ಲೂ ಅವಳ ಮುಖ ಇಲ್ಲ. ಬರೀ ತಲೆಕೂದಲು ಇದೆ! ಅವಳಿ ತಾನೇ, ಯಾರಿಗೆ ಗೊತ್ತಾಗುತ್ತೆ?”

“ಹೆತ್ತವಳಿಗೆ ಗೊತ್ತಾಗುತ್ತೆ. ಇನ್ನೊಂದು ಸಲ ಕರೆಸು.”

“ಕರೆಸಿ ಏನಂತ ಹೇಳಲಿ? ನನಗೆ ಬರಲಿಲ್ಲ ಅಂತಲಾ? ಕರೆದಾಗ ಮಹಾರಾಣಿ ಹಾಗೆ ಮೇಲೆ ಕೂತಿದ್ದೆ. ಈಗ ಬುದ್ಧಿ ಹೇಳೋಕೆ ಬಂದಳು. ಚಹಾ ಇಟ್ಟು ಹೋಗು.”

ಅವಳು ಚಹಾ ಇಟ್ಟು ಹೋದಳು. ಅವಳ ನಾಲಿಗೆ ಊರಿಗೆಲ್ಲ ಗೊತ್ತಿದ್ದ ನಾಲಿಗೆ. ಡಿಪೋದ ಮನೆ ಎರಡು ಬೀದಿ ಆಚೆ. ಹೋಗಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅವನು ಮಾಡಿದ್ದನ್ನ ಅವನೇ ಉಣ್ಣಲಿ ಅಂದುಕೊಂಡಳು.

*

ಮೂರು ವಾರ ಕಳೆಯಿತು. ಮುತ್ತಜ್ಜಿ ತೀರಿಕೊಂಡರು.

ಫೋಟೋ ಡಿಪೋದವರ ಮನೆಯಲ್ಲಿ ಚೌಕಟ್ಟು ಹಾಕಿಸಿಕೊಂಡು ಅಷ್ಟು ದಿನದಿಂದ ಇತ್ತು. ಗಂಡಸರು ಒಯ್ದವರೇ ಎತ್ತರದಲ್ಲಿ ನೇತು ಹಾಕಿದ್ದರಿಂದ ಹೆತ್ತವಳೂ ಹತ್ತಿರದಿಂದ ನೋಡಿರಲಿಲ್ಲ. ಸಾವಿನ ಮನೆಗೆ ಬಂದವರಿಗೆ ತೋರಿಸಲೆಂದು ಕೆಳಗಿಳಿಸಿ ಕುರ್ಚಿಯ ಮೇಲಿಟ್ಟರು. ಆಗ ಅದು ಮಕ್ಕಳ ಕಣ್ಣಿನ ಎತ್ತರಕ್ಕೆ ಬಂತು.

ಮಾರನೆಯ ವಾರ ಅವಳಿಗಳ ಅಮ್ಮ ಆ ಚೌಕಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಚಿಕ್ಕವಳನ್ನು ಕೈ ಹಿಡಿದುಕೊಂಡು ಸ್ಟುಡಿಯೋಕ್ಕೆ ಬಂದಳು. ಕೌಂಟರ್ ಮೇಲೆ ಇಟ್ಟು ಬಟ್ಟೆ ಬಿಚ್ಚಿದಳು.

“ಅಣ್ಣ, ಇವಳು ನಾಲ್ಕು ದಿನದಿಂದ ಒಂದೇ ಪ್ರಶ್ನೆ ಕೇಳ್ತಿದಾಳೆ. ನನಗೆ ಉತ್ತರ ಗೊತ್ತಿಲ್ಲ. ನೀವೇ ಹೇಳಿ. ಕೇಳು ಪುಟ್ಟಿ.”

ಮಗುವನ್ನು ಎತ್ತಿ ಹಿಡಿದಳು. ಮಗು ಬೆರಳಿಟ್ಟು, “ಇದು ಅಕ್ಕ,” ಅಂದಿತು. ಇನ್ನೊಂದರ ಮೇಲೆ ಬೆರಳಿಟ್ಟು, “ಇದೂ ಅಕ್ಕ,” ಅಂದಿತು. “ನಾನೆಲ್ಲಿ?”

ತಮ್ಮನ ಕಿವಿ ಕೆಂಪಾಯಿತು. ತಡಬಡಾಯಿಸಿ ಕನ್ನಡಕ ಹಾಕಿಕೊಂಡು ನೋಡಿದ ಹಾಗೆ ಮಾಡಿದ.

“ಅಯ್ಯೋ... ಇದು ಹೇಗಾಯ್ತು! ನಾನು ಆ ದಿನ ಬೇರೆ ಕೆಲಸದಲ್ಲಿದ್ದೆ ತಾಯಿ. ಮುಖ ಜೋಡಿಸೋ ಕೆಲಸ ಅಕ್ಕನಿಗೆ ಕೊಟ್ಟಿದ್ದೆ. ಅವಳಿಗೆ ಕಂಪ್ಯೂಟರ್ ಅಷ್ಟು ಬರಲ್ಲ. ಅದಲು ಬದಲು ಮಾಡಿಬಿಟ್ಟಿದಾಳೆ. ಅಕ್ಕಾ! ಏ ಅಕ್ಕಾ! ಇಲ್ಲಿ ಬಾ!”

ಅಕ್ಕ ಆಗಲೇ ಮೆಟ್ಟಿಲ ಮೇಲೆ ಇದ್ದಳು. ಕಸದ ಬುಟ್ಟಿ ಹಿಡಿದು ಇಳಿಯುತ್ತಿದ್ದವಳು ಅವನ ಮಾತು ಪೂರ್ತಿ ಕೇಳಿಸಿಕೊಂಡಿದ್ದಳು. ಬುಟ್ಟಿ ಅಲ್ಲೇ ಇಟ್ಟು ಬಂದಳು. ತಮ್ಮನ ಹೆಂಡತಿ ಸ್ಟುಡಿಯೋದ ಹಿನ್ನೆಲೆ ಪರದೆಯ ಪಕ್ಕ ನಿಂತು ಗಂಡನ ಮುಖ ನೋಡಿದಳು, ನೆಲ ನೋಡಿದಳು.

“ಕ್ಷಮೆ ಕೇಳು ಅಕ್ಕ, ಅವರ ಹತ್ರ,” ಅಂದ ತಮ್ಮ. ಕಣ್ಣಲ್ಲಿ ಮಾತ್ರ ಬೇರೆ ಏನೋ ಬೇಡುತ್ತಿದ್ದ.

“ನಾನು ಮಾಡಿದ್ದಲ್ಲ,” ಅಂದಳು ಅಕ್ಕ, ಅವಳಿಗಳ ಅಮ್ಮನಿಗೆ. “ಆ ಯಂತ್ರದ ಗುಂಡಿ ಒತ್ತೋಕೂ ನನಗೆ ಗೊತ್ತಿಲ್ಲ. ಆದ್ರೆ ಮಾಡಿದ್ದನ್ನ ನೋಡಿದ್ದೆ. ನಿಮಗೆ ಬಂದು ಹೇಳಲಿಲ್ಲ. ಆ ದಿನ ಇವಳು ಅಳೋದೂ ಕೇಳಿಸ್ತಿತ್ತು. ಇಳಿದು ಬರಲಿಲ್ಲ. ನಮ್ಮಿಬ್ಬರಿಗೂ ಜಗಳ ನಡೀತಿತ್ತು.”

“ಏನಕ್ಕೆ ಜಗಳ?”

“ಕ್ಯಾಮೆರಾ ಯಾರು ಹಿಡೀಬೇಕು ಅಂತ.”

ಆ ತಾಯಿ ಇಬ್ಬರನ್ನೂ ನೋಡಿದಳು. “ನಿಮ್ಮ ಜಗಳಕ್ಕೆ ನನ್ನ ಮಗೂನೇ ಬೇಕಿತ್ತಾ? ನಮ್ಮಜ್ಜಿ ಮತ್ತೆ ಎದ್ದು ಬಂದು ಕೂರ್ತಾರಾ? ಇವಳು ದೊಡ್ಡವಳಾದ ಮೇಲೆ, ಅಜ್ಜಿ ಜೊತೆ ನಾನ್ಯಾಕಿಲ್ಲ ಅಂದ್ರೆ, ಕ್ಯಾಮೆರಾ ಜಗಳ ಇತ್ತಮ್ಮ ಅಂತ ಹೇಳ್ಲಾ?”

ಅಷ್ಟರಲ್ಲಿ ಮಗು ತಾಯಿಯ ಕೈಯಿಂದ ಜಾರಿ ಹೋಗಿ ಪರದೆಯ ಹಿಂದೆ ಸೇರಿಕೊಂಡಿತು. ಕೆಳಗೆ ಎರಡು ಪುಟ್ಟ ಪಾದ ಮಾತ್ರ ಕಾಣುತ್ತಿದ್ದವು.

“ಈಗ ಇವಳ ಮುಖ ಸರಿಯಾಗಿ ಬಂದ್ರೆ ಇದರಲ್ಲೇ ಸರಿಪಡಿಸ್ತೀನಿ ತಾಯಿ,” ಅಂದ ತಮ್ಮ. “ಬಟ್ಟೆ ಬೇರೆ ಆದ್ರೂ ಪರವಾಗಿಲ್ಲ, ಮುಖ ಒಂದು ಸಿಕ್ಕರೆ ಸಾಕು.”

ತಾಯಿ ಸುಸ್ತಾದ ದನಿಯಲ್ಲಿ, “ಏನಾದ್ರೂ ಮಾಡಿ,” ಅಂದಳು.

ಅಕ್ಕ ಕೈ ಚಾಚಿದಳು, ಕ್ಯಾಮೆರಾಕ್ಕೆ. ತಮ್ಮ ಅದನ್ನು ಎದೆಗೆ ಎಳೆದುಕೊಂಡ.

“ನಾನು ತೆಗೀತೀನಿ. ನೀನು ನಗಿಸು.”

“ಕೊಡೋ. ಇದೊಂದು ಸಲ.”

“ಗಿರಾಕಿ ಮುಂದೆ ಮಾನ ಕಳೀಬೇಡ ಅಕ್ಕ. ನಗಿಸು.”

ಪರದೆಯ ಕೆಳಗಿನ ಪಾದಗಳು ಒಂದರ ಮೇಲೊಂದು ಏರಿ ನಿಂತವು. ಅಕ್ಕ ಚಾಚಿದ ಕೈಯನ್ನು ಕೆಳಗಿಳಿಸಿದಳು. ಪರದೆಯ ಪಕ್ಕ ನೆಲಕ್ಕೆ ಕೂತು, ಯಾರಿಗೋ ಹೇಳುವ ಹಾಗೆ, “ಈ ಪರದೆ ಹಿಂದೆ ದೊಡ್ಡ ಅಜ್ಜಿ ಒಬ್ಬರು ಇದಾರಂತೆ, ಅವರಿಗೆ ಹಲ್ಲೇ ಇಲ್ಲವಂತೆ,” ಅಂದಳು.

ಒಳಗಿಂದ ದನಿ ಬಂತು: “ಇದೆ.”

“ಎಷ್ಟಿದೆ?”

“ತುಂಬ ಇದೆ.”

“ಸುಳ್ಳು. ಅಜ್ಜಿಯರಿಗೆ ಎಲ್ಲಿಂದ ಬರುತ್ತೆ ಹಲ್ಲು?”

ಪರದೆ ಸರಿಯಿತು. ಒಂದು ಕಣ್ಣು, ಅರ್ಧ ಕೆನ್ನೆ ಹೊರಬಂದವು. ಅಕ್ಕ ಅವಸರ ಮಾಡಲಿಲ್ಲ. ಮಗು ತುಟಿಯನ್ನು ಒಳಗೆಳೆದುಕೊಂಡು ಅವಳನ್ನೇ ಅಳೆಯುತ್ತ ನಿಂತಿತು. ಮೊದಲು ಕಣ್ಣಿಗೆ ನಗು ಬಂತು, ಆಮೇಲೆ ತುಟಿಗೆ. “ಈಗ,” ಅಂದಳು ಅಕ್ಕ ಮೆಲ್ಲಗೆ, ಹಿಂದೆ ತಿರುಗದೆ. ತಮ್ಮ ಒತ್ತಿದ.

ಕ್ಯಾಮೆರಾದ ಪರದೆಯ ಮೇಲೆ ಬಂದದ್ದನ್ನು ಎಲ್ಲರೂ ಬಗ್ಗಿ ನೋಡಿದರು. ಅದು ಬೇರೆ ಯಾರೂ ಅಲ್ಲ, ಆ ಮಗುವೇ. ತಾಯಿಯ ಮುಖದ ಬಿಗುವು ಇಳಿಯಿತು.

“ನೋಡಿ ಅಣ್ಣ, ಮನಸ್ಸು ಮಾಡಿದ್ರೆ ನಿಮ್ಮ ಕೈಯಲ್ಲಿ ಎಷ್ಟು ಚೆನ್ನಾಗಿ ಬರುತ್ತೆ!”

“ಅನುಭವ ತಾಯಿ,” ಅಂದ ತಮ್ಮ. ಬೆವರು ಒರೆಸಿಕೊಂಡು ನಕ್ಕ. “ಮಕ್ಕಳ ಫೋಟೋಕ್ಕೆ ಕ್ಷಣ ಹಿಡಿಯೋದು ಗೊತ್ತಿರಬೇಕು.”

ತಮ್ಮನ ಹೆಂಡತಿ, “ರೀ...” ಅಂದಳು. ಅವನು ಅವಳತ್ತ ನೋಡಲಿಲ್ಲ.

ಅಕ್ಕ ಗೋಡೆ ಹಿಡಿದು ಎದ್ದಳು. ಮಂಡಿಗೆ ಹತ್ತಿದ ಧೂಳು ಕೊಡವಿದಳು. ಮಗುವಿನ ಕೆನ್ನೆ ಒಮ್ಮೆ ಮುಟ್ಟಿದಳು. ಚಪ್ಪಲಿ ಮೆಟ್ಟಿ ಬೀದಿಗಿಳಿದಳು.

ತಿರುವಿನ ಹತ್ತಿರ ಚೂಟಿ ಓಡಿಬಂದು ಅವಳ ಬೆರಳು ಹಿಡಿದಳು.

“ಅತ್ತೆ, ಎಲ್ಲಿಗೆ? ಅಪ್ಪ ಕರೀತಿದಾರೆ. ಇನ್ನೊಂದು ಪಾಪು ಬಂದಿದೆಯಂತೆ, ಕೂರ್ತಾ ಇಲ್ವಂತೆ.”

“ಅದಕ್ಕೆ ಕೂರೋಕೆ ಇಷ್ಟ ಇಲ್ಲ ಅಂತ ಹೇಳು.”

“ಊಟಕ್ಕೆ ಬರ್ತೀಯ ತಾನೇ?”

ಅಕ್ಕ ಹುಡುಗಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

“ನಿಮ್ಮಮ್ಮನಿಗೆ ಹೇಳು, ಒಲೆ ಮೇಲೆ ಬೇಳೆ ಇದೆ. ಬೇಗ ಹೋಗಿ ತಿರುವಲಿ, ತಳ ಹಿಡಿಯುತ್ತೆ.”

ಹುಡುಗಿ ಮನೆಗೆ ಓಡಿದಳು. ಅವಳು ಹೇಳುವ ಹೊತ್ತಿಗೆ ತಳ ಹಿಡಿದಾಗಿತ್ತು. ಮಧ್ಯಾಹ್ನ ಸೀದ ಬೇಳೆಯನ್ನೇ ಬಡಿಸಿಕೊಂಡು ತಮ್ಮ, “ಎಲ್ಲಿಗೆ ಹೋಗ್ತಾಳೆ? ಹಸಿವಾದ್ರೆ ಬರ್ತಾಳೆ ಬಿಡು,” ಅಂದ. ಅವನ ಹೆಂಡತಿ ಒಂದು ತಟ್ಟೆ ತೆಗೆದಿಟ್ಟಳು. ಅಕ್ಕ ಆ ದಿನ ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ. ಆಮೇಲೆ ಆ ಮನೆಯ ಮೆಟ್ಟಿಲನ್ನು ಅವಳು ಹತ್ತಲೇ ಇಲ್ಲ.